ಕಾಗದದಲ್ಲಿ ಬರೀ ‘ಅಜ್ಜಿ’ ಅಂತ ಬರೆದರೆ ಯಾವ ಅಜ್ಜಿ? ಮೈಸೂರು, ಮಂಡ್ಯ ಕಡೆಯವರು ಹೇಳಿ

ಹೆಬ್ಬಾಳ ರಿಂಗ್‌ರೋಡು
ನಮಸ್ಕಾರ. ವಂಶವೃಕ್ಷ ಬರೆಯುವ ಕೆಲಸ ನಡೀತಿದೆ. ಒಂದು ಪ್ರತಿ ನಾಡಕಚೇರಿಗೆ, ಇನ್ನೊಂದು ಮನೇಲಿ ಮಕ್ಕಳಿಗೆ ಇರಲಿ ಅಂತ. ಎರಡರಲ್ಲೂ ‘ಅಜ್ಜಿ’ ಅನ್ನೋ ಪದ ತೊಡಕಾಗ್ತಿದೆ. ಅಪ್ಪನ ತಾಯಿಗೂ ಅಜ್ಜಿ, ಅಮ್ಮನ ತಾಯಿಗೂ ಅಜ್ಜಿ. ತೆಲುಗಲ್ಲಿ ನಾನಮ್ಮ, ಅಮ್ಮಮ್ಮ ಅಂತ ಬೇರೆ ಬೇರೆ ಇದೆ. ಹಿಂದಿಯಲ್ಲಿ ದಾದಿ, ನಾನಿ. ನಮ್ಮಲ್ಲಿ ಹಾಗೆ ಒಂದೊಂದೇ ಪದ ಇದೆಯಾ? ಇಲ್ಲದಿದ್ದರೆ ಕಾಗದದಲ್ಲಿ ಗೊಂದಲ ಆಗದ ಹಾಗೆ ಹೇಗೆ ಬರೆಯೋದು? ಜೊತೆಗೆ ಬಹುವಚನ ಅಜ್ಜಿಯರೋ, ಅಜ್ಜಿಯಂದಿರೋ, ಅಜ್ಜಿಗಳೋ, ಅದನ್ನೂ ಹೇಳಿ.

ಕಬ್ಬಿನಗದ್ದೆ
ಮಾತಲ್ಲಿ ಬೇರೆ ಪದ ಬೇಕಾಗಿಲ್ಲ ಕಣ್ರೀ. ಊರ ಹೆಸರು ಸೇರಿಸಿದ್ರೆ ಮುಗೀತು. ‘ಪಾಂಡವಪುರದಜ್ಜಿ’, ‘ಮಳವಳ್ಳಿ ಅಜ್ಜಿ’. ಮನೇಲೇ ಇರೋ ಅಜ್ಜಿಗೆ ಊರು ಸೇರಲ್ಲ, ಬರೀ ಅಜ್ಜಿ. ಅಮ್ಮನ ತವರಿನ ಅಜ್ಜಿಗೇ ಊರು ಅಂಟೋದು.

ಪದಕೋಶ
ಕನ್ನಡದಲ್ಲಿ ಅಜ್ಜಿ ಎರಡೂ ಕಡೆಗೆ ಸಲ್ಲುವ ಪದ. ಬೇರೆ ಮಾಡಿ ಹೇಳಲು ಸಂಸ್ಕೃತದ ಪದಗಳಿವೆ: ಪಿತಾಮಹಿ ಅಂದರೆ ತಂದೆಯ ತಾಯಿ, ಮಾತಾಮಹಿ ಅಂದರೆ ತಾಯಿಯ ತಾಯಿ. ಪಿತಾಮಹಿಯ ಅತ್ತೆ ಪ್ರಪಿತಾಮಹಿ, ಅಂದರೆ ತಂದೆಯ ತಂದೆಯ ತಾಯಿ. ಇವು ಮನೆಮಾತಲ್ಲಿ ಬರೋದೇ ಇಲ್ಲ. ಬರೋದು ತರ್ಪಣದ ಹೊತ್ತಿಗೆ, ಲಗ್ನಪತ್ರಿಕೆಯ ಹೊತ್ತಿಗೆ.

ಅಜ್ಜಿ ಪದದ ಮೂಲವೂ ಸಂಬಂಧಸೂಚಕ ಅಲ್ಲ, ಗೌರವಸೂಚಕ. ಸಂಸ್ಕೃತದ ‘ರ್ಯ’ ಪ್ರಾಕೃತದಲ್ಲಿ ‘ಜ್ಜ’ ಆಗುತ್ತದೆ. ಕಾರ್ಯ ಹೋಗಿ ಕಜ್ಜ ಆದ ಹಾಗೆ ಆರ್ಯ ಹೋಗಿ ಅಜ್ಜ ಆಯಿತು. ಅದರ ಸ್ತ್ರೀರೂಪ ಅಜ್ಜಿ. ಜೈನ ಸನ್ಯಾಸಿನಿಯರನ್ನು ಇವತ್ತಿಗೂ ಆರ್ಯಿಕೆ ಅಂತಲೇ ಕರೆಯುತ್ತಾರೆ. ‘ಪೂಜ್ಯಳು’ ಅನ್ನುವ ಅರ್ಥದಿಂದ ಹೊರಟ ಪದಕ್ಕೆ ಅಪ್ಪನ ಕಡೆ, ಅಮ್ಮನ ಕಡೆ ಅನ್ನುವ ಭೇದ ಇಲ್ಲದಿರುವುದು ಸಹಜವೇ.

ಕಬ್ಬಿನಗದ್ದೆ
ಹಂಗಾದ್ರೆ ಅಜ್ಜಿ ಬರೋಕೆ ಮುಂಚೆ ಕನ್ನಡದೋರು ಏನಂತಿದ್ರು?

ಪದಕೋಶ
ಅವ್ವೆ, ಮುತ್ತವ್ವೆ ಅಚ್ಚ ದ್ರಾವಿಡ ಪದಗಳು. ತಮಿಳಿನ ಔವೈ ಅಂದರೆ ವೃದ್ಧೆ, ತೆಲುಗಿನ ಅವ್ವ ಅಂದರೆ ಅಜ್ಜಿ, ಮಂಡ್ಯದ ಅವ್ವ ಅಂದರೆ ತಾಯಿ. ಪದ ಒಂದೇ, ತಲೆಮಾರು ಮಾತ್ರ ಜರುಗಿದೆ.

ದಸ್ತಾವೇಜು
ಮೂಲ ಪ್ರಶ್ನೆಗೆ ಬರೋಣ, ಕಂದಾಯ ಇಲಾಖೆಯ ಕಾಗದದ ವಿಷಯ ಇದೆ.

ವಂಶವೃಕ್ಷದಲ್ಲಿ ‘ಅಜ್ಜಿ’ ಅನ್ನುವ ಪದ ಬರೆಯಲೇಬೇಡಿ. ಅಜ್ಜಿ ಅನ್ನೋದು ಬರೆಯುವವರಿಂದ ಮೇಲಕ್ಕೆ ನೋಡುವ ಸಂಬಂಧ. ವಂಶವೃಕ್ಷ ಮೇಲಿಂದ ಕೆಳಕ್ಕೆ ಇಳಿಯುತ್ತೆ. ಮೂಲಪುರುಷ ಅಥವಾ ಖಾತೆದಾರರಿಂದ ಶುರು, ಪಕ್ಕದಲ್ಲಿ ಹೆಂಡತಿ, ಕೆಳಗೆ ಮಕ್ಕಳು. ಅದರಲ್ಲಿ ಅಜ್ಜಿ ಒಬ್ಬರ ಹೆಂಡತಿ, ಇನ್ನೊಬ್ಬರ ತಾಯಿ, ಅಷ್ಟೆ. ನಮ್ಮ ಕಡೆಯ ರೂಢಿಯಲ್ಲಿ ‘ನಿಂಗಮ್ಮ ಕೋಂ ಲೇಟ್ ಕರೀಗೌಡ’ ಅಂತ ಬರೀತಾರೆ. ಕೋಂ ಅಂದರೆ ಹೆಂಡತಿ, ಬಿನ್ ಅಂದರೆ ಮಗ. ಪ್ರಮಾಣಪತ್ರದ ಒಕ್ಕಣೆಯಲ್ಲಿ ಸಂಬಂಧ ಹೇಳಲೇಬೇಕಾದ ಕಡೆ ‘ನನ್ನ ತಂದೆಯ ತಾಯಿಯಾದ’ ಅಥವಾ ‘ನನ್ನ ತಾಯಿಯ ತಾಯಿಯಾದ’ ಅಂತ ಬಿಡಿಸಿ ಬರೆಯಿರಿ. ಪಿತಾಮಹಿ ಅಂತ ಬರೆದರೆ ತಪ್ಪಲ್ಲ, ಆದರೆ ಓದುವವರು ಮತ್ತೆ ಕೇಳ್ತಾರೆ.

ಎಡವಟ್ಟಾಗೋದು ಹೆಸರಲ್ಲಿ. ಹಳೇ ಪಹಣಿಯಲ್ಲಿ ಹೆಂಗಸರ ಹೆಸರು ಮನೇಲಿ ಕರೆಯೋ ಹಾಗೇ ದಾಖಲಾಗಿರುತ್ತೆ. ಅಜ್ಜಮ್ಮ, ದೊಡ್ಡಮ್ಮ, ಚಿಕ್ಕತಾಯಮ್ಮ, ಇವೆಲ್ಲ ನಿಜವಾದ ಹೆಸರುಗಳೂ ಹೌದು, ಸಂಬಂಧದ ಪದಗಳೂ ಹೌದು. ಪಹಣಿಯಲ್ಲಿ ‘ದೊಡ್ಡಮ್ಮ’, ಆಧಾರ್‌ನಲ್ಲಿ ‘ಜವರಮ್ಮ’ ಇದ್ದರೆ ಒಬ್ಬರೇ ಅಂತ ತೋರಿಸೋಕೆ ‘ಜವರಮ್ಮ ಉರುಫ್ ದೊಡ್ಡಮ್ಮ’ ಅಂತ ಎರಡನ್ನೂ ಸೇರಿಸಿ, ಪ್ರಮಾಣಪತ್ರದಲ್ಲೂ ಅದೇ ಒಕ್ಕಣೆ ಇಡಿ. ಒಂದು ಕಾಗದದಲ್ಲಿ ಉರುಫ್ ಇದ್ದು ಇನ್ನೊಂದರಲ್ಲಿ ಬಿಟ್ಟುಹೋದರೆ ಅರ್ಜಿ ವಾಪಸ್ ಬರುತ್ತೆ.

ಇನ್ನೊಂದು, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡಬೇಡಿ. ಅಜ್ಜಿಗೆ ಎಷ್ಟು ಮಕ್ಕಳೋ ಅಷ್ಟೂ ಜನ ಬರಬೇಕು, ತೀರಿಹೋದವರೂ ಸೇರಿ.

ಹೆಬ್ಬಾಳ ರಿಂಗ್‌ರೋಡು
ಅಪ್ಪನ ಕಡೆ, ಅಮ್ಮನ ಕಡೆ ಅನ್ನೋದು ಕಾನೂನಿಗೆ ನಿಜಕ್ಕೂ ಮುಖ್ಯವಾ, ಇಲ್ಲ ಬರೀ ಸ್ಪಷ್ಟತೆಗಾ?

ದಸ್ತಾವೇಜು
ಬಹಳ ಮುಖ್ಯ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತೆಗೆದು ನೋಡಿ. ಉಯಿಲು ಬರೆಯದೆ ತೀರಿಹೋದ ಗಂಡಸಿನ ಆಸ್ತಿಗೆ ಮೊದಲನೇ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು, ತಾಯಿ ಮುಂತಾದವರು. ಅವರ್ಯಾರೂ ಇಲ್ಲದಿದ್ದರೆ ಎರಡನೇ ವರ್ಗ. ಅದರಲ್ಲಿ ತಂದೆಯ ತಂದೆ, ತಂದೆಯ ತಾಯಿ ಐದನೇ ನಮೂದು. ತಾಯಿಯ ತಂದೆ, ತಾಯಿಯ ತಾಯಿ ಎಂಟನೇ ನಮೂದು. ಮೇಲಿನ ನಮೂದಿನವರು ಒಬ್ಬರಿದ್ದರೂ ಕೆಳಗಿನವರಿಗೆ ಏನೂ ಬರಲ್ಲ. ಅಂದರೆ ಇಬ್ಬರು ಅಜ್ಜಿಯರೂ ಬದುಕಿದ್ದು ವಿಷಯ ಅಲ್ಲಿವರೆಗೆ ಬಂದರೆ ಅಪ್ಪನ ತಾಯಿಗೆ ಆಸ್ತಿ ಹೋಗುತ್ತೆ, ಅಮ್ಮನ ತಾಯಿಗೆ ಇಲ್ಲ. ಅಲ್ಲಿ ‘ಅಜ್ಜಿ’ ಅಂತ ಬರೆದು ಕೂತರೆ ಯಾರ ಹಕ್ಕು ಅಂತ ಹೇಳೋದು?

ಮದ್ದೂರು ಟಮಟೆ
ಇದ್ಯಾವ ನ್ಯಾಯ? ಮಗಳ ಮಗನ್ನ ಸಾಕಿ ಬೆಳೆಸೋದು ಎಷ್ಟೋ ಮನೇಲಿ ಅಮ್ಮನ ತಾಯಿನೇ. ಎಂಟ್ನೇ ಸಾಲಲ್ಲಿ ಕೂರ್ಸಿದ್ದಾರೆ ನೋಡಿ.

ದಸ್ತಾವೇಜು
ಬದುಕಿರುವಾಗ ನೋಡಿಕೊಳ್ಳುವ ಹೊಣೆಯಲ್ಲಿ ಆ ಭೇದ ಇಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ‘ಮಕ್ಕಳು’ ಅನ್ನುವ ಪದಕ್ಕೆ ವಯಸ್ಕ ಮೊಮ್ಮಗ, ಮೊಮ್ಮಗಳೂ ಸೇರುತ್ತಾರೆ. ಅಜ್ಜಿ ಜೀವನಾಂಶ ಕೇಳಿ ಮೊಮ್ಮಕ್ಕಳ ಮೇಲೂ ಅರ್ಜಿ ಹಾಕಬಹುದು.

ಮುದ್ರಣಶಾಲೆ
ಲಗ್ನಪತ್ರಿಕೆಯಲ್ಲೂ ಇದೇ ತಪ್ಪು ದಿನಾ ನೋಡಲು ಸಿಗುತ್ತೆ. ‘ಪೌತ್ರಿ’ ಅಂದರೆ ಮಗನ ಮಗಳು. ಮಗಳ ಮಗಳು ‘ದೌಹಿತ್ರಿ’. ವಧುವಿನ ತಾಯಿಯ ತಂದೆತಾಯಿ ಹೆಸರು ಹಾಕಿ ಅದರ ಕೆಳಗೆ ‘ಇವರ ಪೌತ್ರಿ’ ಅಂತ ಅಚ್ಚು ಹಾಕಿಸಿಬಿಡ್ತಾರೆ. ಎರಡೂ ಕಡೆಯ ಹಿರಿಯರ ಹೆಸರು ಹಾಕೋದಾದರೆ ‘ಮೊಮ್ಮಗಳು’ ಅಂತ ಕನ್ನಡದಲ್ಲೇ ಹಾಕಿಸಿ, ಎರಡಕ್ಕೂ ಸರಿಹೋಗುತ್ತೆ. ‘ಶ್ರೀಮತಿ ಲೇಟ್’ ಅಂತಲೂ ಬೇಡ, ಹೆಸರಿನ ಮುಂದೆ ‘ದಿ.’ ಅಂತ ಒಂದೇ ಅಕ್ಷರ ಸಾಕು.

ವ್ಯಾಕರಣಪ್ರಿಯೆ
ಬಹುವಚನ ಕೇಳಿದ್ದಿರಿ. ‘ಅ’ಕಾರಾಂತ ಸಂಬಂಧವಾಚಕಗಳಿಗೆ ‘ಅಂದಿರು’ ಹತ್ತುತ್ತದೆ: ಅಕ್ಕಂದಿರು, ಅಣ್ಣಂದಿರು, ಅಜ್ಜಂದಿರು. ‘ಇ’, ‘ಎ’ಕಾರಾಂತ ಸ್ತ್ರೀಲಿಂಗ ಪದಗಳಿಗೆ ‘ಅರು’ ಹತ್ತಿ ನಡುವೆ ಯಕಾರ ಬರುತ್ತದೆ: ಅಜ್ಜಿಯರು, ಅತ್ತಿಗೆಯರು. ಆದ್ದರಿಂದ ಬರವಣಿಗೆಯಲ್ಲಿ ಅಜ್ಜಿಯರು. ವಿಭಕ್ತಿಯಲ್ಲಿ ಅಜ್ಜಿಯನ್ನು, ಅಜ್ಜಿಯಿಂದ, ಅಜ್ಜಿಗೆ, ಅಜ್ಜಿಯ, ಅಜ್ಜಿಯಲ್ಲಿ. ಮಾತಲ್ಲಿ ಅಜ್ಜೀನ, ಅಜ್ಜೀದು, ಅಜ್ಜೀರು ಅಂತ ಸ್ವರ ಎಳೆಯುತ್ತೆ. ‘ಅಜ್ಜಿಗಳು’ ಬೇಡ.

ಕಬ್ಬಿನಗದ್ದೆ
ಮತ್ತೆ ತಾಯಿ? ಅದು ಇಕಾರಾಂತ ಅಲ್ವಾ? ತಾಯಂದಿರು ಅಂತಾರಲ್ಲ.

ವ್ಯಾಕರಣಪ್ರಿಯೆ
ಒಳ್ಳೆ ಪ್ರಶ್ನೆ. ಅದರ ಮೂಲರೂಪ ‘ತಾಯ್’, ವ್ಯಂಜನದಲ್ಲಿ ಮುಗಿಯುವ ಪದ. ಕೊನೆಯ ‘ಇ’ ಆಮೇಲೆ ಸೇರಿದ್ದು. ಹಾಗಾಗಿ ತಾಯ್ + ಅಂದಿರ್. ಅಜ್ಜಿಯ ‘ಇ’ ಪದದ್ದೇ, ಅದು ಸ್ತ್ರೀಲಿಂಗದ ಗುರುತು, ಕಳಚೋಕೆ ಆಗಲ್ಲ. ‘ಅಜ್ಜಿಯಂದಿರು’ ಅಂತ ಪತ್ರಿಕೆಗಳಲ್ಲೂ ಕಾಣುತ್ತೆ. ಕಿವಿಗೆ ಒಗ್ಗಿದೆ ಅಂತ ಕೆಲವರು ಒಪ್ಪುತ್ತಾರೆ, ಅಜ್ಜಿಯರು ಇರುವಾಗ ಅದರ ಅಗತ್ಯವೇ ಇಲ್ಲ ಅನ್ನೋದು ನನ್ನ ವಾದ.

ಸಯ್ಯಾಜಿರಾವ್ ರಸ್ತೆ
ಹಿಂದಿಯಿಂದ ಅನುವಾದ ಮಾಡುವವರಿಗೆ ಒಂದು ಮಾತು. ‘ದಾದಿ’ಯನ್ನು ಹಾಗೇ ಕನ್ನಡ ಲಿಪಿಯಲ್ಲಿ ಇಟ್ಟರೆ ಕನ್ನಡ ಓದುಗರಿಗೆ ಆಸ್ಪತ್ರೆಯ ದಾದಿ ಅಂತ ಅರ್ಥವಾಗುತ್ತೆ. ‘ದಾದಿ ಕಥೆ ಹೇಳಿದಳು’ ಅಂತ ಮಕ್ಕಳ ಪುಸ್ತಕದಲ್ಲಿ ಬಂದರೆ ಮಗು ಏನು ತಿಳ್ಕೊಬೇಕು? ಮುಸ್ಲಿಂ ಮನೆಗಳ ಮಾತನ್ನೇ ಬರೆಯುವಾಗ ದಾದಿ, ನಾನಿ ಇರಲಿ, ಮೊದಲ ಸಲ ಬಂದಾಗ ‘ಅಪ್ಪನ ತಾಯಿ’ ಅಂತ ವಾಕ್ಯದಲ್ಲೇ ತಿಳಿಯುವ ಹಾಗೆ ಬರೆಯಿರಿ.

ಕಿತ್ತಳೆ ತೋಟ
ಕೊಡವ ತಕ್ಕಿನಲ್ಲಿ ಅವ್ವ ಅಂದ್ರೆ ತಾಯಿ, ‘ತಾಯಿ’ ಅಂದ್ರೆ ಅಜ್ಜಿ! ಮೈಸೂರಿನವರು ಇದನ್ನು ಕೇಳಿ ತಪ್ಪು ತಿಳಿಯೋದು ಮಾಮೂಲು.

ಮೇಲುಕೋಟೆ ಪುಳಿಯೋಗರೆ
ಮೇಲುಕೋಟೆಯ ಅಯ್ಯಂಗಾರ್ ಮನೆಗಳಲ್ಲಿ ಪಾಟಿ. ಬೀದಿಗೆ ಬಂದರೆ ಅದೇ ಹೆಂಗಸಿಗೆ ಊರೆಲ್ಲ ಅಜ್ಜಿ ಅನ್ನುತ್ತೆ.

ನಾಗಮಂಗಲದವ್ರು
ಎಲ್ರೂ ಅಜ್ಜಿ ಅಜ್ಜಿ ಅಂತಿದ್ದೀರಿ, ಮಂಡ್ಯ ಜಿಲ್ಲೇಲಿ ಎಷ್ಟೋ ಒಕ್ಕಲು ಮನೆಗಳಲ್ಲಿ ಅಜ್ಜಿನ ‘ಅವ್ವ’ ಅಂತ್ಲೇ ಕರೆಯೋದು. ಕಾರಣ ಇದೆ. ಕೂಡುಕುಟುಂಬದಲ್ಲಿ ಮಗು ಮಾತು ಕಲಿಯೋದು ದೊಡ್ಡೋರು ಕರೆಯೋದನ್ನ ಕೇಳಿ. ಅಪ್ಪ, ಚಿಕ್ಕಪ್ಪ ಎಲ್ಲ ಅವ್ರ ತಾಯಿನ ಅವ್ವ ಅಂತಾರೆ, ಮಗೂನೂ ಅವ್ವ ಅನ್ನುತ್ತೆ. ಹೆತ್ತ ತಾಯಿನ ಓರಗಿತ್ತಿಯರು ಅಕ್ಕ ಅಂತಾರೆ, ಮಗೂನೂ ಅಕ್ಕ ಅನ್ನುತ್ತೆ. ಹಂಗಾಗಿ ಅಜ್ಜಿ ಅವ್ವ, ಅವ್ವ ಅಕ್ಕ. ಗಂಡು ಹಿರಿಯನಿಗೂ ನೋಡಿ, ಬೇರೆ ಕಡೆ ಅಜ್ಜ-ಅಜ್ಜಿ ಜೋಡಿ ಆದ್ರೆ ನಮ್ಮಲ್ಲಿ ತಾತ-ಅಜ್ಜಿ. ‘ಅಜ್ಜ’ ಅಂದ್ರೆ ಇವ್ನು ಹುಬ್ಬಳ್ಳಿ ಕಡೆಯೋನೋ, ಮಂಗ್ಳೂರು ಕಡೆಯೋನೋ ಅಂತಾರೆ.

‘ದೊಡ್ಡವ್ವ’ ಅನ್ನೋದ್ರಲ್ಲೂ ಹುಷಾರು. ಅಮ್ಮನ ಅಕ್ಕ, ದೊಡ್ಡಪ್ಪನ ಹೆಂಡ್ತಿ, ಇಬ್ರಿಗೂ ಅದೇ. ಕೆಲವು ಮನೇಲಿ ಅಜ್ಜಿಗೂ ದೊಡ್ಡವ್ವ ಅಂತಾರೆ. ಹಳೇ ಪತ್ರ, ಡೈರಿ ಓದೋವಾಗ ದೊಡ್ಡವ್ವ ಅಂತಿದ್ರೆ ಯಾರು ಅಂತ ಮನೆಯೋರನ್ನ ಕೇಳ್ದೆ ತೀರ್ಮಾನ ಮಾಡ್ಬೇಡಿ.

ದಸ್ತಾವೇಜು
ಈ ಮಾತು ವಂಶವೃಕ್ಷ ಮಾಡುವವರೆಲ್ಲ ಬರೆದಿಟ್ಟುಕೊಳ್ಳಬೇಕು. ವಯಸ್ಸಾದವರ ಹತ್ತಿರ ‘ನಿಮ್ಮ ಅವ್ವನ ಹೆಸರೇನು’ ಅಂತ ಕೇಳಿದರೆ ಒಂದು ತಲೆಮಾರು ತಪ್ಪಿಹೋಗಬಹುದು. ‘ನಿಮ್ಮನ್ನ ಹೆತ್ತವರ ಹೆಸರೇನು’, ‘ನಿಮ್ಮಪ್ಪನ್ನ ಹೆತ್ತವರ ಹೆಸರೇನು’ ಅಂತ ಹೆತ್ತ ಸಂಬಂಧ ಹಿಡಿದು ಕೇಳಿ.

ಹೆಬ್ಬಾಳ ರಿಂಗ್‌ರೋಡು
ಹಾಗಾದರೆ ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ? ಹಳೇ ತಲೆಮಾರಲ್ಲಿ ಇದು ಸಾಮಾನ್ಯವಾಗಿತ್ತಲ್ಲ. ಚಿತ್ರ ಬರೆಯೋಕೆ ಕೂತರೆ ಗೆರೆ ಗೋಜಲಾಗುತ್ತೆ.

ನಾಗಮಂಗಲದವ್ರು
ಅಲ್ಲೇ ಇರೋದು ಸ್ವಾರಸ್ಯ. ಹಂತಹಂತವಾಗಿ ನೋಡಿ. ಹಿರಿಯಮ್ಮನಿಗೆ ಒಬ್ಬ ಮಗ, ಒಬ್ಬ ಮಗಳು. ಮಗಳ ಮಗಳನ್ನ ಮಗನಿಗೆ ತಂದ್ಕೊಂಡ್ರು. ಆ ದಂಪತಿಗೆ ಒಂದು ಮಗು ಹುಟ್ತು. ಮಗುವಿಗೆ ಹಿರಿಯಮ್ಮ ಏನಾಗ್ಬೇಕು? ಅಪ್ಪನ ತಾಯಿ, ಅಂದ್ರೆ ಅಜ್ಜಿ. ಅಮ್ಮನ ತಾಯಿಯ ತಾಯಿನೂ ಅವ್ಳೇ, ಅಂದ್ರೆ ಮುತ್ತಜ್ಜಿ. ಒಬ್ಳೇ ಎರಡೂ. ಇನ್ನು ಹಿರಿಯಮ್ಮನ ಮಗಳು? ಮಗುವಿನ ಅಮ್ಮನ ತಾಯಿ, ಆದ್ರಿಂದ ಅಜ್ಜಿ. ಅಪ್ಪನ ಅಕ್ಕನೂ ಹೌದು, ಆದ್ರಿಂದ ಸೋದರತ್ತೆ. ಮದುವಣಗಿತ್ತಿಗೂ ಹಂಗೇ, ನಿನ್ನೆವರೆಗೆ ಅಜ್ಜಿ ಆಗಿದ್ದೋಳು ಧಾರೆ ಆದ್ಮೇಲೆ ಅತ್ತೆ.

ಕರೆಯೋವಾಗ ಯಾರೂ ಲೆಕ್ಕ ಹಾಕಲ್ಲ. ಹತ್ತಿರದ ಸಂಬಂಧನೇ ಗೆಲ್ಲೋದು. ಹಿರಿಯಮ್ಮ ಮುತ್ತಜ್ಜಿ ಅನ್ನಿಸ್ಕೊಳಲ್ಲ, ಅಜ್ಜಿನೇ. ಮದುವೆಯಾದ ಹುಡುಗಿನೂ ಅವ್ಳನ್ನ ಅತ್ತೆ ಅನ್ನಲ್ಲ, ಮುಂಚಿನ ಹಂಗೇ ಅಜ್ಜಿ ಅಂತಾಳೆ.

ದಸ್ತಾವೇಜು
ಚಿತ್ರದಲ್ಲಿ ಒಬ್ಬರ ಹೆಸರನ್ನು ಎರಡು ಕಡೆ ಬರೆಯಬೇಡಿ, ಇಬ್ಬರು ವ್ಯಕ್ತಿಗಳು ಅಂತ ಎಣಿಸಿಬಿಡ್ತಾರೆ. ಹಿರಿಯಮ್ಮನ ಹೆಸರು ಮೇಲೆ ಒಂದೇ ಸಲ. ಕೆಳಗೆ ಮಗ, ಮಗಳು. ಮಗಳ ಕೆಳಗೆ ಅವಳ ಮಗಳು. ಆಮೇಲೆ ಮಗನಿಂದ ಆ ಮೊಮ್ಮಗಳಿಗೆ ಜೋಡಿ ಗೆರೆ ಎಳೆದು ಪಕ್ಕದಲ್ಲಿ ‘ವಿವಾಹ’ ಅಂತ ಸಣ್ಣಗೆ ಬರೆಯಿರಿ. ಮಕ್ಕಳು ಆ ಜೋಡಿ ಗೆರೆಯಿಂದ ಕೆಳಗಿಳಿಯಲಿ. 1955ರ ಹಿಂದೂ ವಿವಾಹ ಕಾಯ್ದೆ ಈ ಸಂಬಂಧವನ್ನು ನಿಷೇಧಿತ ಸಂಬಂಧಗಳಲ್ಲಿ ಸೇರಿಸಿದ್ದರೂ ಎರಡೂ ಕಡೆಯ ರೂಢಿ ಒಪ್ಪುವುದಾದರೆ ವಿನಾಯಿತಿ ಕೊಟ್ಟಿದೆ, ಹಾಗಾಗಿ ಕಾಗದದಲ್ಲಿ ಮುಚ್ಚಿಡುವ ಅಗತ್ಯ ಇಲ್ಲ.

ಮದ್ದೂರು ಟಮಟೆ
ನಂದೊಂದು ತಕರಾರು. ಮೈಸೂರು ನಗರದೋರು ‘ಅಜ್ಜಿ ಬಂದ್ರು, ಅಜ್ಜಿ ಹೇಳಿದ್ರು’ ಅಂತಾರೆ. ನಮ್ ಕಡೆ ‘ಅಜ್ಜಿ ಬಂತು, ಅಜ್ಜಿ ಹೇಳ್ತು’. ಅದಕ್ಕೆ ‘ನಿಮ್ಮೋರಿಗೆ ಮರ್ಯಾದೆ ಗೊತ್ತಿಲ್ಲ, ಅಜ್ಜಿನ ನಪುಂಸಕಲಿಂಗದಲ್ಲಿ ಮಾತಾಡಿಸ್ತೀರಿ’ ಅಂತ ಮೂದಲಿಸ್ತಾರೆ. ಇದು ಸರಿನಾ?

ವ್ಯಾಕರಣಪ್ರಿಯೆ
ಮೂದಲಿಸೋದು ತಪ್ಪು. ಅಲ್ಲಿ ಇರೋದು ಮೂರು ದಾರಿ. ‘ಬಂದ್ಲು’ ಏಕವಚನ ಸ್ತ್ರೀಲಿಂಗ, ‘ಬಂದ್ರು’ ಗೌರವದ ಬಹುವಚನ, ‘ಬಂತು’ ರೂಪದಲ್ಲಿ ನಪುಂಸಕ. ಮಂಡ್ಯದ ಮಾತಲ್ಲಿ ‘ಬಂತು’ ಇವೆರಡರ ನಡುವಿನದು. ‘ಬಂದ್ಲು’ ಅಂದರೆ ಹಿರಿಯರಿಗೆ ಒರಟು, ‘ಬಂದ್ರು’ ಅಂದರೆ ಮನೆಯವರಿಗೆ ದೂರ. ‘ಅಜ್ಜಿ ಬಂತು’ ಅಂದರೆ ಸಲುಗೆಯೂ ಇದೆ, ಅಗೌರವವೂ ಇಲ್ಲ. ಶಾಲೆಯಲ್ಲಿ ಕಲಿಸುವ ಲಿಂಗದ ಪಾಠಕ್ಕೆ ಇದು ಹೊಂದಲ್ಲ ಅಂತ ಮಾತೇ ತಪ್ಪಾಗಲ್ಲ.

ಸಯ್ಯಾಜಿರಾವ್ ರಸ್ತೆ
ಒಪ್ಪಲು ಕಷ್ಟ. ‘ಅದಕ್ಕೆ ಕಣ್ಣು ಕಾಣಲ್ಲ’ ಅಂತ ಅಜ್ಜಿ ಬಗ್ಗೆ ಡಾಕ್ಟರ ಮುಂದೆ ಹೇಳಿದರೆ ಹೇಗಿರುತ್ತೆ?

ವ್ಯಾಕರಣಪ್ರಿಯೆ
ಕ್ರಿಯಾಪದ ಬೇರೆ, ಸರ್ವನಾಮ ಬೇರೆ. ‘ಅಜ್ಜಿ ಬಂತು’ ಅನ್ನುವವರೂ ಹೊರಗಿನವರ ಮುಂದೆ ‘ಅದು’ ಬಿಟ್ಟು ‘ಅಜ್ಜಿಗೆ’ ಅಂತ ಹೆಸರನ್ನೇ ಮತ್ತೆ ಹೇಳುತ್ತಾರೆ. ಸುಮ್ಮನೆ ಕೂತು ಕೇಳಿಸಿಕೊಂಡರೆ ಗೊತ್ತಾಗುತ್ತೆ.

ನಾಗಮಂಗಲದವ್ರು
ಎದುರಿಗೆ ಮಾತಾಡ್ಸೋವಾಗ ಇನ್ನೊಂದು ಉಪಾಯ ಐತೆ. ಮೊಮ್ಮಕ್ಳು ‘ಉಂಡ್ಯಾ ಅಜ್ಜಿ’ ಅಂತಾರೆ, ನಡೀತದೆ. ಹೊಸದಾಗಿ ಬಂದ ಸೊಸೆ ‘ಉಂಡ್ಯಾ’ ಅನ್ನೋ ಹಂಗಿಲ್ಲ. ‘ಉಂಡ್ರಾ’ ಅಂದ್ರೆ ಆ ಮನೇಲಿ ಯಾರೂ ಹಂಗೆ ಮಾತಾಡಲ್ಲ. ಅದಕ್ಕೆ ‘ಊಟ ಆಯ್ತಾ ಅಜ್ಜಿ’ ಅನ್ನೋದು. ಕ್ರಿಯೆ ಊಟಕ್ಕೆ ಸೇರ್ತು, ನೀನು ನೀವು ಎರಡೂ ತಪ್ತು. ‘ಔಷಧಿ ಆಯ್ತಾ’, ‘ನಿದ್ದೆ ಬಂತಾ’, ಎಲ್ಲ ಹಂಗೇ.

ಮುದ್ರಣಶಾಲೆ
ದೇವರಾಜ ಮಾರ್ಕೆಟ್‌ನಲ್ಲಿ ಹೂ ಮಾರುವವರನ್ನು ಅಜ್ಜಿ ಅಂತ ಕರೆಯೋದು ಸರಿಯಾ?

ಮದ್ದೂರು ಟಮಟೆ
ಬೇಡ. ‘ಅವ್ವ’ ಅನ್ನಿ, ‘ತಾಯಿ’ ಅನ್ನಿ. ಅವ್ವಕ್ಕೆ ವಯಸ್ಸಿಲ್ಲ. ಅಪ್ಪ ಮೂರು ವರ್ಷದ ಮಗಳನ್ನೂ ‘ಬಾರವ್ವ’ ಅಂತಾನೆ, ಎಂಬತ್ತರ ಮುದುಕಿಗೂ ‘ಏನವ್ವ’ ಅಂತೀವಿ. ಅಜ್ಜಿಗೆ ವಯಸ್ಸು ಅಂಟ್ಕೊಂಡೈತೆ. ಐವತ್ತೈದರ ಹೆಂಗಸಿಗೆ ಅಜ್ಜಿ ಅಂದ್ರೆ ಹೂವಿನ ರೇಟ್ ಇಳಿಯಲ್ಲ.

ಪದಕೋಶ
ಪತ್ರಿಕೆಗಳಿಗೂ ಇದು ಅನ್ವಯಿಸುತ್ತೆ. ‘ಅಜ್ಜಿಗೆ ಬೈಕ್ ಡಿಕ್ಕಿ’ ಅಂತ ತಲೆಬರಹ, ಒಳಗೆ ನೋಡಿದರೆ ವಯಸ್ಸು 58. ಸರ್ಕಾರದ ಲೆಕ್ಕದಲ್ಲೂ ಹಿರಿಯ ನಾಗರಿಕರಾಗೋದು 60ಕ್ಕೆ, ಸಂಧ್ಯಾ ಸುರಕ್ಷಾ ಸಿಗೋದು 65ಕ್ಕೆ. ವಯಸ್ಸು ಹೇಳಬೇಕಿದ್ದರೆ ವಯಸ್ಸನ್ನೇ ಬರೆಯಲಿ. ಬರೆದವರ ಅಜ್ಜಿಯೇ ಅಲ್ಲದ ಮೇಲೆ ಸಂಬಂಧದ ಪದ ಯಾಕೆ?

ಕಬ್ಬಿನಗದ್ದೆ
ಅಡಗೂಲಜ್ಜಿ ಕತೆ ಅಂತಾರಲ್ಲ, ಅಡುಗೆ ಮಾಡೋ ಅಜ್ಜಿನಾ, ಊರುಗೋಲು ಹಿಡಿದ ಅಜ್ಜಿನಾ?

ಪದಕೋಶ
ಕೋಲಿಗೂ ಅದಕ್ಕೂ ಸಂಬಂಧ ಇಲ್ಲ. ಅಡು ಅಂದರೆ ಬೇಯಿಸು, ಕೂಳು ಅಂದರೆ ಅನ್ನ. ಅಡು + ಕೂಳು, ಕಕಾರ ಗಕಾರವಾಗಿ ಅಡುಗೂಳು, ಅದಕ್ಕೆ ಅಜ್ಜಿ ಸೇರಿ ಅಡುಗೂಳಜ್ಜಿ, ಬಾಯಲ್ಲಿ ಸವೆದು ಅಡಗೂಲಜ್ಜಿ. ದಾರಿಹೋಕರಿಗೆ ಅನ್ನ ಬೇಯಿಸಿ ಹಾಕುವ ಮುದುಕಿ. ಹಳೇ ಕತೆಗಳಲ್ಲಿ ರಾಜಕುಮಾರ ಊರಾಚೆ ಬಂದು ಇಳಿಯೋದು ಇವಳ ಮನೆಯಲ್ಲೇ. ಊರಿನ ಸುದ್ದಿಯೆಲ್ಲ ಇವಳ ಬಾಯಲ್ಲಿ. ಇವತ್ತು ‘ಅಡಗೂಲಜ್ಜಿ ಕತೆ’ ಅಂದರೆ ನಂಬಲಾಗದ ಹಳಸಲು ಕತೆ ಅಂತ ಆಗಿಬಿಟ್ಟಿದೆ. ಪಾಪ, ಅವಳಿಗೆ ಅದು ಸಲ್ಲದು.

ಸಯ್ಯಾಜಿರಾವ್ ರಸ್ತೆ
ಶ್ರವಣಬೆಳಗೊಳದ ಗುಳ್ಳಕಾಯಜ್ಜಿನ ಮರೀಬೇಡಿ. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಗೊಮ್ಮಟನ ಸೊಂಟದಿಂದ ಕೆಳಗಿಳಿಯಲಿಲ್ಲ, ಮುದುಕಿಯೊಬ್ಬಳು ಗುಳ್ಳದಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು ಅನ್ನೋ ಐತಿಹ್ಯ. ಅವಳ ಶಿಲ್ಪ ಗೊಮ್ಮಟನ ಎದುರಿಗೇ ಇದೆ. ಗುಳ್ಳ ಅಂದರೆ ಬದನೆಯ ಒಂದು ಜಾತಿ.

ಕುಂದಗನ್ನಡ
ಗಾದೆ ಕಡೆ ಬನ್ನಿ. ‘ಅಜ್ಜಿ ಸಾಕಿದ ಮಗು ಬೊಜ್ಜಕ್ಕೂ ಬಾರದು’ ಅನ್ನೋದನ್ನ ಮೈಸೂರು ಕಡೆಯವರು ಬೊಜ್ಜು ಅಂತ ತಿಳಿದು ಮುದ್ದು ಮಾಡಿ ದಪ್ಪ ಆಯ್ತು ಅಂತ ವಿವರಿಸ್ತಾರೆ. ಅಲ್ಲ ಮಾರಾಯ್ರೆ. ಬೊಜ್ಜ ಅಂದ್ರೆ ಕರಾವಳಿಯಲ್ಲಿ ಸತ್ತವರ ಉತ್ತರಕ್ರಿಯೆ. ಅತಿ ಮುದ್ದಲ್ಲಿ ಬೆಳೆದ ಮಗು ಕೊನೆಗೆ ಆ ಕೆಲಸಕ್ಕೂ ಒದಗಲ್ಲ ಅಂತ.

ನಾಗಮಂಗಲದವ್ರು
ನಮ್ ಕಡೆ ಬೊಜ್ಜ ಅನ್ನೋ ಪದ ಇಲ್ಲ, ತಿಥಿ ಅಂತೀವಿ. ಅದಕ್ಕೇ ಆ ಗಾದೆ ಇಲ್ಲಿ ನೆಲೆ ನಿಲ್ಲಲಿಲ್ಲ. ಇಲ್ಲಿ ಓಡಾಡೋದು ‘ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ’. ಅರಿವೆ ಅಂದ್ರೆ ಬಟ್ಟೆ, ಅರಿವು ಅಲ್ಲ.

ಮೇಲುಕೋಟೆ ಪುಳಿಯೋಗರೆ
ತರ್ಪಣದ ಮಾತು ಮೇಲೆ ಬಂತಲ್ಲ, ಅದರಲ್ಲಿ ಒಂದು ತಿದ್ದುಪಡಿ. ಮಾತೃವರ್ಗ ಅಂದರೆ ತಾಯಿ, ಪಿತಾಮಹಿ, ಪ್ರಪಿತಾಮಹಿ. ಇದರಲ್ಲಿ ಅಮ್ಮನ ತಾಯಿ ಬರೋದಿಲ್ಲ. ಮಾತೃವರ್ಗ ಅನ್ನೋ ಹೆಸರು ನೋಡಿ ಅಮ್ಮನ ಕಡೆಯವರು ಅಂತ ಎಷ್ಟೋ ಜನ ಬರೆದುಕೊಂಡಿರ್ತಾರೆ. ಅಮ್ಮನ ತಾಯಿ ಬರೋದು ಮಾತಾಮಹಿ ಅಂತ, ಬೇರೆ ವರ್ಗದಲ್ಲಿ. ಹೆಸರು, ಗೋತ್ರ ಚೀಟಿಯಲ್ಲಿ ಬರೆದಿಡುವಾಗ ಎರಡು ಪ್ರತ್ಯೇಕ ಸಾಲು ಮಾಡಿ. ಅಮ್ಮನ ಕಡೆಯವರ ಗೋತ್ರ ಬೇರೆ ಇರುತ್ತೆ, ಅದನ್ನೇ ಮರೆಯೋದು.

ಕಬ್ಬಿನಗದ್ದೆ
ಮುತ್ತಜ್ಜಿಲಿರೋ ಮುತ್ತು, ಮುತ್ತಿನ ಸರದ ಮುತ್ತಾ?

ವ್ಯಾಕರಣಪ್ರಿಯೆ
ಇಲ್ಲ. ಮುದು, ಮುಪ್ಪು, ಮುದುಕಿ ಇವುಗಳ ಬಳಗದ್ದು ಅದು. ವಯಸ್ಸಾದ ಅನ್ನುವ ಅರ್ಥ. ಮುತ್ತಾತ, ಮುತ್ತಜ್ಜಿ ಮೇಲಿನ ತಲೆಮಾರು. ಅವರಿಂದ ಕೆಳಗೆ ನೋಡಿದರೆ ಮಗ, ಮೊಮ್ಮಗ, ಮರಿಮಗ, ಗಿರಿಮಗ. ಮುತ್ತಜ್ಜಿಗೆ ನೀವು ಮರಿಮಗ. ಮೊಮ್ಮಗ ಅಲ್ಲ.

ಹೆಬ್ಬಾಳ ರಿಂಗ್‌ರೋಡು
ಗಿರಿಮಗ ಅಂದರೆ ಮರಿಮಗನ ಮಗ ತಾನೇ? ಹೆಣ್ಣಾದರೆ?

ವ್ಯಾಕರಣಪ್ರಿಯೆ
ಹೌದು. ಹೆಣ್ಣಾದರೆ ಮರಿಮಗಳು, ಗಿರಿಮಗಳು.